ದಪ್ಪ ತಂತಿಯ ಗಿರಾಕಿಗಳು

ತಂತಿ ಕೇಳಿಕೊಂಡು ಬರೋರಲ್ಲಿ ಅರ್ಧ ಜನಕ್ಕೆ ತಮಗೆ ಯಾವ ತಂತಿ ಬೇಕು ಅಂತ ಗೊತ್ತಿರಲ್ಲ; ಉಳಿದರ್ಧ ಜನಕ್ಕೆ ತಪ್ಪಾಗಿ ಗೊತ್ತಿರುತ್ತೆ. ಈ ಎರಡು ಪಂಗಡದ ಮಧ್ಯೆ ನಿಂತು ನಾನು ಚೆನ್ನೈನ ನುಂಗಂಬಾಕ್ಕಂನಲ್ಲಿ ವರ್ಷಗಟ್ಟಲೆ ತಲೆ ಚಚ್ಚಿಕೊಂಡಿದ್ದೇನೆ.

ಕೌಂಟರ್ ಏರಿದ್ದು

ನಮ್ಮ ಯಜಮಾನ್ರದು ವಾದ್ಯಗಳ ಅಂಗಡಿ. ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಬೇರು ಬಿಟ್ಟ ಕನ್ನಡದ ವೈಷ್ಣವರು. ಹಣೆಯಲ್ಲಿ ನಾಮ, ಬಾಯಲ್ಲಿ ಅರ್ಧ ತಮಿಳು. ವೀಣೆ, ಪಿಟೀಲು ಅಂದರೆ ಪ್ರಾಣ. ಗಿಟಾರನ್ನು ಮಾತ್ರ ಮುಖ ಸಿಂಡರಿಸಿಕೊಂಡೇ ಮಾರೋರು. ನಾನು ಮಳವಳ್ಳಿ ಕಡೆ ಹಳ್ಳಿಯವನು. ಮಣಲಿಯಲ್ಲಿದ್ದ ಅವರ ಗೋಡೌನಿನಲ್ಲಿ, ಪಕ್ಕದ ಎಣ್ಣೆ ಕಾರ್ಖಾನೆಗಳ ವಾಸನೆ ಕುಡೀತಾ ಪೆಟ್ಟಿಗೆ ಕಟ್ಟೋ ಕೆಲಸಕ್ಕೆ ಸೇರಿದ್ದೆ.

ಎರಡು ಸಾವಿರದ ಇಸವಿ ಆಸುಪಾಸು. ಮದ್ರಾಸಿನ ಹುಡುಗರಿಗೆಲ್ಲ ಗಿಟಾರಿನ ದನಿಯನ್ನ ಪಾತಾಳಕ್ಕೆ ಇಳಿಸೋ ಹುಚ್ಚು ಹಿಡಿದಿತ್ತು. ಬ್ಯಾರಿಟೋನ್ ಗಿಟಾರ್ ಅಂತ ಒಂದು ಬಂತು: ಮಾಮೂಲಿ ಗಿಟಾರಿಗಿಂತ ಕತ್ತು ಉದ್ದ, ದನಿ ತಗ್ಗು. ನಾಲ್ಕು ತಂತಿಯ ಬೇಸ್ ಗಿಟಾರಿಗೆ ಇನ್ನೆರಡು ಸೇರಿಸಿ ಆರು ತಂತಿಯ ಬೇಸ್ ಅಂತ ಇನ್ನೊಂದು ಬಂತು. ಇಂಥ ತಗ್ಗು ದನಿಗೆ ತೆಳು ತಂತಿ ಹಾಕಿದರೆ ಜೋತುಬೀಳುತ್ತೆ. ಬಟ್ಟೆ ಒಣಹಾಕಬಹುದು, ಬಾರಿಸೋಕಾಗಲ್ಲ. ದಪ್ಪ ತಂತಿ ಬೇಕು. ಆ ದಪ್ಪಕ್ಕೆ ಗೇಜ್ ಅಂತಾರೆ. ಹೆಚ್ಚೂ ಆಗಬಾರದು, ಕಮ್ಮಿಯೂ ಆಗಬಾರದು. ಇದು ಅರ್ಥವಾಗೋಕೆ ಸಂಗೀತ ಕಾಲೇಜು ಯಾಕೆ? ಎತ್ತು ಕಟ್ಟೋ ಹಗ್ಗದಲ್ಲಿ ಕರು ಕಟ್ಟಿದರೆ ಏನಾಗುತ್ತೆ ಅಂತ ನನಗೆ ಚಡ್ಡಿ ಹಾಕೋ ವಯಸ್ಸಿಗೇ ಗೊತ್ತಿತ್ತು. ಕಣ್ಣು ಮುಚ್ಚಿಕೊಂಡು ತಂತಿಯನ್ನ ಎರಡು ಬೆರಳಲ್ಲಿ ಹಿಡಿದರೆ ಸಾಕು, ಗೇಜ್ ಹೇಳ್ತಿದ್ದೆ. ಇಡೀ ಗೋಡೌನಿನಲ್ಲಿ ಹಾಗೆ ಹೇಳಿದ ಇನ್ನೊಬ್ಬನನ್ನ ನಾನು ಕಂಡಿಲ್ಲ. ಹೇಳೋಕೆ ಪ್ರಯತ್ನ ಮಾಡಿದವನನ್ನೂ ಕಂಡಿಲ್ಲ, ಅದು ಬೇರೆ ಮಾತು.

ದಪ್ಪ ತಂತಿ ತರಿಸಿ, ಕೌಂಟರಿಗೆ ನನ್ನ ಹಾಕಿ ಅಂತ ಯಜಮಾನ್ರ ಬೆನ್ನು ಬಿದ್ದೆ. ದಿನಾ ಕೇಳಿ ಕೇಳಿ ಸಾಕಾಗಿ ಒಪ್ಪಿದರು. "ನೋಡು ತಂಬಿ," ಅಂದರು, "ತಂತಿ ಸರಿಯಿಲ್ಲ ಅಂತ ಒಬ್ಬನೇ ಒಬ್ಬ ತಿರುಂಬಿ ಬಂದ್ರೂ, ನೀನು ತಿರುಂಬಿ ಮಣಲಿಗೆ."

ಎದೆ ಉಬ್ಬಿಸಿ ಆಗಲಿ ಅಂದೆ. ನನಗೆ ತಂತಿ ಚೆನ್ನಾಗಿ ಗೊತ್ತಿತ್ತು. ಗಿರಾಕಿಗಳು ಗೊತ್ತಿರಲಿಲ್ಲ.

ಬೆಳೆಯೋ ಹುಡುಗ

ಅಣ್ಣಾ ನಗರದಿಂದ ಒಬ್ಬ ಬ್ಯಾಂಕ್ ಆಫೀಸರು ಮಗನನ್ನ ಕರಕೊಂಡು ಬಂದರು. ಧಾರವಾಡ ಕಡೆಯವರು. ಅಪ್ಪ ಕನ್ನಡದಲ್ಲಿ ಕೇಳಿದರೆ ಮಗ ತಮಿಳಿನಲ್ಲಿ ಉತ್ತರ ಕೊಡೋನು. ಅವನ ಹತ್ತಿರ ಇದ್ದದ್ದು ಮಾಮೂಲಿ ಗಿಟಾರು. ದನಿ ಒಂಚೂರು ಇಳಿಸಬೇಕಿತ್ತು. ಅದಕ್ಕೆ ಸರಿಯಾದ ಸೆಟ್ ಅಳೆದಂಗೆ ತೆಗೆದು ಮುಂದಿಟ್ಟೆ. ಅಪ್ಪ ಅದನ್ನ ಪಕ್ಕಕ್ಕೆ ಸರಿಸಿ, ಹಿಂದೆ ತೂಗುಹಾಕಿದ್ದ ಬ್ಯಾರಿಟೋನ್ ಸೆಟ್ ಕಡೆ ಬೆರಳು ತೋರಿಸಿದರು.

"ಮುಂದಿನ ವರ್ಷ ಮತ್ತ ಬರೂದು ಯಾಕ? ಬೆಳ್ಯೂ ಹುಡುಗ ಅದಾನ. ಇದ್ದದ್ದರಾಗ ದಪ್ಪಂದ ಕೊಡ್ರಿ."

ಬೆಳೆಯೋ ಹುಡುಗನಿಗೆ ಗಡ್ಡ ಬಂದಿತ್ತು. ಅಪ್ಪನಿಗಿಂತ ಒಂದು ತಲೆ ಎತ್ತರ ಇದ್ದ. ಯೂನಿಫಾರಂ, ಷೂ ಎಲ್ಲಾ ಒಂದು ಸೈಜ್ ದೊಡ್ಡದೇ ತಗೊಂಡು ಬೆಳೆಸಿದ ಕೈ ಅದು, ತಂತಿಗೂ ಅದೇ ನಿಯಮ. ಸಾರ್, ಷೂ ದೊಡ್ಡದಾದರೆ ಮುಂದೆ ಹತ್ತಿ ತುರುಕಬಹುದು, ತಂತಿ ದಪ್ಪ ಆದರೆ ಬೆರಳು ಕಿತ್ತು ಬರುತ್ತೆ ಅಂತ ಬಡಕೊಂಡೆ. ಮಗ ಪಕ್ಕದಲ್ಲಿ "ವೇಂಡಾಂಪ್ಪಾ, ವೇಂಡಾಂಪ್ಪಾ" ಅಂತ ಬೇಡ ಬೇಡ ಅನ್ನೋ ಹಾಗೆ ಕೈ ಆಡಿಸ್ತಿದ್ದ. ಇಬ್ಬರ ಮಾತೂ ನಡೀಲಿಲ್ಲ.

ಸ್ವಲ್ಪ ದಿನ ಆದ ಮೇಲೆ ಅದೇ ಅಪ್ಪ ಒಬ್ಬರೇ ಮೆಟ್ಟಿಲು ಹತ್ತಿ ಬಂದರು. ಯಜಮಾನ್ರು ಗಲ್ಲಾದಿಂದ ಕತ್ತು ಎತ್ತಿದರು. ನನ್ನ ಮೂಗಿಗೆ ಮಣಲಿ ವಾಸನೆ ಬಂತು. ಅಪ್ಪ ಕೌಂಟರ್ ಮೇಲೆ ಮೊಣಕೈ ಊರಿ ದನಿ ತಗ್ಗಿಸಿದರು. ಹುಡುಗನ ಬೆರಳಿಗೆಲ್ಲ ಬೊಬ್ಬೆ ಬಂದಿದೆಯಂತೆ. ಗಿಟಾರ್ ಮುಟ್ಟೋಕೇ ಆಗದೆ ಸುಮ್ಮನೆ ಕೂತು ಓದ್ತಿದಾನಂತೆ.

"ಇದಕ್ಕಿಂತ ದಪ್ಪಂದು ಐತೇನ್ರಿ? ಅವನ ಗೆಳ್ಯಾರ ಅಪ್ಪಂದಿರು ಕೇಳಾಕತ್ತಾರ."

ಮೈಗೆ ಒಗ್ಗದ್ದು

ಯಜಮಾನ್ರು ತಂತಿಯನ್ನ ಆಹಾರ ಅಂತ ತಿಳಿದಿದ್ದರು. ಗಿರಾಕಿಯ ಮೈಕಟ್ಟು ನೋಡಿ ಯಾವುದು ಒಗ್ಗುತ್ತೆ, ಯಾವುದು ಒಗ್ಗಲ್ಲ ಅಂತ ನಿರ್ಧಾರ ಮಾಡೋರು. ಒಂದು ದಿನ ಬ್ಯಾಂಡಿನಲ್ಲಿ ಬಾರಿಸೋ ಹೆಣ್ಣುಮಗಳೊಬ್ಬಳು ಬಂದು ಆರು ತಂತಿಯ ಬೇಸಿಗೆ ನಮ್ಮಲ್ಲಿರೋದರಲ್ಲೇ ದಪ್ಪ ಸೆಟ್ ಕೇಳಿದಳು. ಕಡ್ಡಿಯಂಥ ಹುಡುಗಿ. ನಾನು ಸೆಟ್ ತೆಗೆಯೋದರೊಳಗೆ ಯಜಮಾನ್ರು ಎದ್ದು ಬಂದು, "ಅಮ್ಮಾ, ನಿಮ್ಮ ಮೈಗೆ ಇದು ಒತ್ತುವರಾದು, ಲೈಟಾಗಿ ಒಂದು ತಗೊಳ್ಳಿ" ಅಂದರು, ರಾತ್ರಿ ಹೊತ್ತು ಮೊಸರು ಬೇಡ ಅನ್ನೋ ಡಾಕ್ಟರ ಹಾಗೆ.

ಅವಳು ಗೋಡೆಯಲ್ಲಿದ್ದ ಬೇಸ್ ಇಳಿಸಿ, ಹೆಗಲಿಗೆ ಹಾಕಿ, ಆಂಪ್ಲಿಫೈಯರಿನ ವೈರು ಚುಚ್ಚಿ, ಎಲ್ಲಕ್ಕಿಂತ ಕೆಳಗಿನ ದನಿಯ ತಂತಿಯನ್ನ ಒಮ್ಮೆ ಮೀಟಿದಳು. ಷೋಕೇಸಿನ ಗಾಜು ನಡುಗಿತು. ಯಜಮಾನ್ರ ಲೋಟದ ಕಾಫಿ ಅಲುಗಾಡಿತು. ಸೆಟ್ ಕಟ್ಟಿಸಿಕೊಂಡು ಹೋದಳು.

ಆಮೇಲೆ ಯಜಮಾನ್ರು ನನ್ನ ಕಟ್ಟುಮಸ್ತು ಮೈಯನ್ನ ಮೇಲಿಂದ ಕೆಳಗೆ ನೋಡಿ, ಆ ಹುಡುಗಿ ಅಷ್ಟು ಬಾರಿಸ್ತಾಳೆ, ನಿನಗೇನು ಬಾರಿಸೋಕೆ ಬರುತ್ತೆ ಅಂದರು. ಕೆಣಕಿದರೆ ಬಿಡೋ ಪೈಕಿ ಅಲ್ಲ ನಾನು. ತಂತಿ ಆರಿಸೋನು ಬಾರಿಸಿ ತೋರಿಸಬೇಕಾ, ಸೀರೆ ಮಾರೋನು ಉಟ್ಟು ತೋರಿಸ್ತಾನಾ ಅಂದೆ.

"ಟಿ. ನಗರದ ಸೀರೆ ಅಂಗಡಿಗಳಲ್ಲಿ ಉಟ್ಟು ತೋರಿಸ್ತಾರಲ್ಲೋ ತಂಬಿ" ಅಂದರು.

ಗಂಟಿನ ಗ್ಯಾರಂಟಿ

ರೈಲ್ವೆಯವರೊಬ್ಬರು ಇದ್ದರು, ಮೈಸೂರು ಕಡೆಯವರು. ಸಿಗ್ನಲ್ ಎಳೆಯೋ ತಂತಿಗಳನ್ನ ನೋಡಿಕೊಳ್ಳೋ ಕೆಲಸ. ಭಜನಾ ಮಂಡಳಿಗೆ ಅಂತ ಯಾರೋ ಬಿಟ್ಟ ಆರು ತಂತಿಯ ಬೇಸ್ ತಗೊಂಡಿದ್ದರು. ಉದ್ದ ಕತ್ತಿನ ವಾದ್ಯ. ಅದಕ್ಕೆ ಅಂತಲೇ ಉದ್ದದ ದಪ್ಪ ಸೆಟ್ ಆರಿಸಿ ಕೊಟ್ಟೆ. ಬಿರಡೆಗೆ ಸುತ್ತಿದ ಮೇಲೆ ಮಿಕ್ಕಿದ ತುದಿ ಕತ್ತರಿಸಿ ಅಂತ ಬಿಡಿಸಿ ಹೇಳಿದ್ದೆ. ಆ ಪುಣ್ಯಾತ್ಮರು ಸುತ್ತೋದಕ್ಕೆ ಮುಂಚೆಯೇ, ನೋಡೋಕೆ ನೀಟಾಗಿರಲಿ ಅಂತ, ಆರನ್ನೂ ಒಂದೇ ಸಮಕ್ಕೆ ಕತ್ತರಿಸಿದ್ದರು. ಒಂದೂ ಬಿರಡೆ ಮುಟ್ಟಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಅಳ್ತಿದ್ದರು. ಇವರು ಉಕ್ಕಿನ ತಂತಿ ತಂದು, ಸಿಗ್ನಲ್ ತಂತಿ ಬೆಸೆದ ಹಾಗೆ ಒಂದೊಂದಕ್ಕೂ ಒಂದು ತುಂಡು ಹೆಣೆದು ಉದ್ದ ಮಾಡಿಕೊಂಡಿದ್ದರು. ವಾದ್ಯ ಹೊತ್ತುಕೊಂಡು ಅಂಗಡಿಗೆ ಬಂದಾಗ ಬಿರಡೆಗಳ ಹತ್ತಿರ ಆರು ಗಂಟುಗಳು ಸಾಲಾಗಿ ಕೂತಿದ್ದವು, ತಂತಿ ಮೇಲೆ ಗುಬ್ಬಿ ಕೂತ ಹಾಗೆ. ಆರರಲ್ಲಿ ಒಂದು ತಂತಿ ಮಾತ್ರ ಮಧ್ಯಕ್ಕೆ ಕಿತ್ತು ನೇತಾಡ್ತಿತ್ತು.

ಯಜಮಾನ್ರು ನನ್ನ ಕಡೆ ನೋಡಿದರು. ಇವರೇ ಕತ್ತರಿಸಿದ್ದು, ಇವರೇ ಎಳೆದದ್ದು, ಇದು ಕಂಪ್ಲೇಂಟ್ ಲೆಕ್ಕಕ್ಕೆ ಬರಲ್ಲ ಅಂತ ನಾನು ವಾದಕ್ಕೆ ನಿಂತೆ. ರೈಲ್ವೆಯವರು ಶಾಂತವಾಗಿ ಕೇಳಿಸಿಕೊಂಡು, ಕಿತ್ತುಹೋದ ಜಾಗ ತೋರಿಸಿದರು. ಗಂಟು ಕಲ್ಲಿನ ಹಾಗೆ ಇತ್ತು.

"ಗಂಟಿಗೆ ನಾನು ಗ್ಯಾರಂಟಿ ಬರೆದು ಕೊಡ್ತೀನಿ. ನಿಮ್ಮ ತಂತಿಗೆ ನೀವು ಕೊಡ್ತೀರಾ?"

ಯಜಮಾನ್ರು ಕನ್ನಡಕ ಹಾಕಿಕೊಂಡು ಒಂದೊಂದೇ ಗಂಟು ಮುಟ್ಟಿ ನೋಡಿ, ಎಂಥಾ ಕೆಲಸ ಅಂತ ಕೊಂಡಾಡಿ, ಮಣಲಿ ಮಾತು ಮರೆತು, ಅವರಿಗೆ ಕಾಫಿ ತರಿಸಿದರು. ತರೋಕೆ ನನ್ನನ್ನೇ ಕಳಿಸಿದರು.

ಆಯುಧಪೂಜೆ

ಮಣಲಿಯ ಬಾಗಿಲವರೆಗೆ ನನ್ನ ತಂದು ನಿಲ್ಲಿಸಿದ್ದು ಇದು. ಸ್ಟುಡಿಯೋಗಳಲ್ಲಿ ರೆಕಾರ್ಡಿಂಗಿಗೆ ಬಾರಿಸೋ ದೊಡ್ಡ ಕಲಾವಿದರೊಬ್ಬರು ತಮ್ಮ ಆರು ತಂತಿಯ ಬೇಸನ್ನ ನಮ್ಮಲ್ಲಿ ಬಿಟ್ಟುಹೋದರು. ಹೊಸ ದಪ್ಪ ತಂತಿ ಹಾಕಿಡಬೇಕು. ಆಯುಧಪೂಜೆ ಮುಗಿದ ಮಾರನೇ ಬೆಳಿಗ್ಗೆ ಅವರು ಬಂದು ತಗೊಂಡು ನೇರ ಸ್ಟುಡಿಯೋಗೆ ಹೋಗಬೇಕು. ಇವರು ಮೆಚ್ಚಿದರೆ ಊರಿನ ಬಾರಿಸೋರೆಲ್ಲ ನಮ್ಮಲ್ಲಿಗೆ ಬರ್ತಾರೆ, ಮೆಚ್ಚದಿದ್ದರೆ ನಿನ್ನ ಬಟ್ಟೆಬರೆ ಕಟ್ಟಿಕೋ ಅಂದರು ಯಜಮಾನ್ರು.

ಸೆಟ್ ಕೊಟ್ಟು ಕೈ ತೊಳಕೊಳ್ಳೋನಲ್ಲ ನಾನು. ಬೇರೆ ಬೇರೆ ಸೆಟ್ ಬಿಚ್ಚಿ, ಒಂದೊಂದು ತಂತಿಯನ್ನೂ ಬೆರಳಲ್ಲಿ ಹಿಡಿದು ನೋಡಿ, ಆರಕ್ಕೆ ಆರೂ ಒಂದೇ ಬಿಗಿ ಬರೋ ಹಾಗೆ ಜೋಡಿಸಿದೆ. ಮೀಟಿದರೆ ದೇವಸ್ಥಾನದ ಗಂಟೆ. ಅಂಥ ಜೋಡಣೆ ಚೆನ್ನೈನಲ್ಲಿ ಯಾರ ಕೈಲೂ ಆಗ್ತಿರಲಿಲ್ಲ, ಈಗಲೂ ಆಗಲ್ಲ.

ಪೂಜೆ ದಿನ ನನ್ನ ಬೂದುಗುಂಬಳಕಾಯಿ ತರೋಕೆ ಕಳಿಸಿದರು. ತಲೆ ಮೇಲೆ ಹೊತ್ತುಕೊಂಡು ವಾಪಸ್ ಬರ್ತೀನಿ, ಅಂಗಡಿಯ ವಾದ್ಯಗಳಿಗೆಲ್ಲ ಗಂಧ ಕುಂಕುಮ ಆಗಿದೆ. ವೀಣೆಗೆ ಒಂದು ಬೊಟ್ಟು, ಪಿಟೀಲಿಗೆ ಒಂದು ಬೊಟ್ಟು. ದೊಡ್ಡ ಮನುಷ್ಯರ ವಾದ್ಯ ಅಂತ ಆ ಬೇಸಿಗೆ ಮಾತ್ರ ವಿಶೇಷ ಮರ್ಯಾದೆ: ಯಜಮಾನ್ರು ತಾವೇ ಆರೂ ತಂತಿಗೆ ಈ ತುದಿಯಿಂದ ಆ ತುದಿಗೆ ಗಟ್ಟಿ ಗಂಧ ಸವರಿ, ಮೇಲೆ ಕುಂಕುಮ ಉದುರಿಸಿದ್ದರು.

ದಪ್ಪ ತಂತಿ ಅಂದರೆ ಉಕ್ಕಿನ ಎಳೆಗೆ ಇನ್ನೊಂದು ಎಳೆಯನ್ನ ಒತ್ತೊತ್ತಾಗಿ ಸುತ್ತಿರ್ತಾರೆ. ಆ ಸಂದಿಗೆ ಕೊಳೆ ಕೂತರೆ ದನಿ ಸತ್ತ ಹಾಗೆ. ಹಲ್ಲುಜ್ಜೋ ಬ್ರಷ್ ತಗೊಂಡು ಉಜ್ಜಿದೆ. ಗಂಧ ಇನ್ನೂ ಒಳಕ್ಕೆ ಹೋಗಿ ಕೂತಿತು. ಇನ್ನೊಂದು ಜೊತೆ ಹಾಕೋಣ ಅಂದರೆ ಉಳಿದ ಸೆಟ್‌ಗಳನ್ನ ಒಡೆದು ಕೆಡಿಸಿದ್ದೋನು ನಾನೇ. ಮೀಟಿದೆ. ದೊಪ್ ಅಂತು, ಅಕ್ಕಿ ಮೂಟೆ ಇಳಿಸಿದ ಹಾಗೆ.

ಮಾರನೇ ಬೆಳಿಗ್ಗೆ ಕಲಾವಿದರು ಬಂದು, ಕೂತು, ತೊಡೆ ಮೇಲೆ ಬೇಸ್ ಇಟ್ಟುಕೊಂಡು ಮೀಟಿದರು. ದೊಪ್. ಹುಬ್ಬು ಗಂಟಾಯಿತು. ಮತ್ತೆ ಮೀಟಿದರು. ದೊಪ್, ದೊಪ್. ಕಣ್ಣು ಮುಚ್ಚಿ ಕೂತುಬಿಟ್ಟರು. ಆಮೇಲೆ ತಮಿಳಿನಲ್ಲಿ, ಇದನ್ನ ಮಾಡಿದ್ದು ಯಾರು ಅಂತ ನಿಧಾನವಾಗಿ ಕೇಳಿದರು. ಯಜಮಾನ್ರು ನನ್ನ ಕಡೆ ಕೈ ತೋರಿಸಿದರು. ನಾನು ಅದೇ ಹೊತ್ತಿಗೆ ಅವರ ಕಡೆ ತೋರಿಸಿದೆ.

ಹೊಸ ತಂತಿ ಹಾಕಿದಾಗೆಲ್ಲ ಪಾತ್ರೆ ಬಡಿದ ಹಾಗೆ ಕೇಳಿ ಕೇಳಿ ಕಲಾವಿದರಿಗೆ ಸಾಕಾಗಿತ್ತಂತೆ. ತಗ್ಗಾಗಿ, ಮೆತ್ತಗೆ, ಹಾಡಿನ ಅಡಿಯಲ್ಲಿ ಸುಮ್ಮನೆ ಕೂರೋ ಇಂಥದೊಂದು ದನಿಗಾಗಿ ಅವರು ಎಷ್ಟೋ ಕಾಲದಿಂದ ಹುಡುಕ್ತಾ ಇದ್ದರಂತೆ. ಯಜಮಾನ್ರು ಚಾಚಿದ್ದ ಕೈಯನ್ನ ಹಾಗೇ ತಿರುಗಿಸಿ ತಮ್ಮ ಎದೆ ಮೇಲೆ ಇಟ್ಟುಕೊಂಡು, ನಮ್ಮ ಮನೆತನದ ಪದ್ಧತಿ ಅಂದರು.

ಮಣಲಿ ತಪ್ಪಿತು. ಸುದ್ದಿ ಹಬ್ಬಿ ಬೇಸ್ ಬಾರಿಸೋರೆಲ್ಲ ಬಂದರು. ನಾನು ಈಗಲೂ ಕೌಂಟರಿನಲ್ಲೇ ಇದ್ದೇನೆ. ಮುಂದೆ ಒಂದು ಸಾಣೆಕಲ್ಲು, ಕೈಯಲ್ಲಿ ಗಂಧದ ಕೊರಡು. ಬಂದವರಿಗೆ ಗೇಜಿನ ಬಗ್ಗೆ ಹೇಳೋಕೆ ಬಾಯಿ ತೆಗೆದರೆ ಕೈ ಅಡ್ಡ ಹಿಡಿದು ನಿಲ್ಲಿಸ್ತಾರೆ.

"ತಂತಿ ಯಾವುದಾದರೂ ಕೊಡಣ್ಣಾ, ಪರವಾಗಿಲ್ಲ. ಗಂಧ ಮಾತ್ರ ಸ್ವಲ್ಪ ದಪ್ಪಗೆ ತೇಯ್ದುಬಿಡು."