ಉದಾಹರಣೆಗೆ ಒಂದು ಕಾರಂಜಿ

ಸಭೆ ನಡೆಸುವುದು ನನಗೆ ಬರುತ್ತದೆ. ಬೇರೆ ಯಾವ ವಿಷಯದಲ್ಲಿ ಸಂಶಯ ಇದ್ದರೂ ಇದರಲ್ಲಿ ಮಾತ್ರ ಇರಲಿಲ್ಲ. ರಾಯಚೂರಿನ ಕಾನ್ವೆಂಟಿನಲ್ಲಿ ಡಿಬೇಟಿಂಗ್ ಸೊಸೈಟಿಯ ಸೆಕ್ರೆಟರಿ ಆಗಿದ್ದವಳು ನಾನು! ಒಬ್ಬರು ಮೋಷನ್ ಮಂಡಿಸಬೇಕು, ಇನ್ನೊಬ್ಬರು ಸೆಕೆಂಡ್ ಮಾಡಬೇಕು, ಆಮೇಲೆ ಕೈ ಎತ್ತಿಸಬೇಕು. ಸಿಸ್ಟರ್ ಕಲಿಸಿದ್ದನ್ನು ಈ ವಯಸ್ಸಿನಲ್ಲೂ ಮರೆತಿಲ್ಲ. ಮರೆತಿದ್ದರೆ ನಮ್ಮೂರು ಉದ್ಧಾರ ಆಗುತ್ತಿತ್ತು.

ನಮ್ಮೂರು ಮಾನ್ವಿ ತಾಲೂಕಿನಲ್ಲಿ, ಪೋತ್ನಾಳದ ರಸ್ತೆ ಬಿಟ್ಟು ಸ್ವಲ್ಪ ಒಳಗೆ. ಅಲ್ಲಿನ ಕೇರಿಯಲ್ಲಿ ಹುಟ್ಟಿ, ಸರಿಯಾಗಿ ಹಲ್ಲು ಬೀಳುವ ಮೊದಲೇ ಹಾಸ್ಟೆಲ್ ಸೇರಿ, ಇಂಗ್ಲಿಷ್ ಟೀಚರ್ ಆಗಿ, ರಿಟೈರ್ ಆದ ಮೇಲೆ ಗಂಡನನ್ನೂ ಎಳೆದುಕೊಂಡು ವಾಪಸ್ ಬಂದವಳು ನಾನು. ನಮ್ಮವರು ಬಸ್ ಡಿಪೋದಲ್ಲಿ ಕಂಡಕ್ಟರ್ ಆಗಿದ್ದವರು. ಈಗ ಕೆಲಸ ಇಲ್ಲ. ನನ್ನ ತಪ್ಪು ಎಣಿಸುವುದು ಬಿಟ್ಟರೆ.

ಊರ ಹೊರಗಿನ ಎರಿಹೊಲದ ಕಪ್ಪು ಮಣ್ಣಿನಲ್ಲಿ ಸೋಲಾರ್ ಕಂಪನಿ ಬಂತು. ಜೋಳ ಬೆಳೆಯುವಲ್ಲಿ ಸಾಲು ಸಾಲು ಗಾಜಿನ ಹಲಗೆ ಎದ್ದವು. ಊರಿಗೂ ಏನಾದರೂ ಮಾಡಬೇಕಲ್ಲ ಎಂದು ಕಂಪನಿಯವರು, "ನಿಮ್ಮೂರಿಗೊಂದು ಕೆಲಸ ಮಾಡಿಸಿಕೊಡ್ತೀವಿ. ಏನು ಬೇಕು ಅಂತ ಊರೇ ಕೂಡಿ ಹೇಳಲಿ" ಎಂದರು.

ಊರು ತನ್ನ ಪದ್ಧತಿಯಲ್ಲಿ ಆಗಲೇ ತೀರ್ಮಾನ ಮಾಡಿಬಿಟ್ಟಿತ್ತು. ಪದ್ಧತಿ ಎಂದರೆ, ಗಂಡಸರೆಲ್ಲ ಊರಬಾಗಿಲ ಅಗಸಿಯಲ್ಲಿ ಕೂಡಿ ಒಮ್ಮೆಲೇ ಒದರುವುದು, ಇಬ್ಬರು ಸಿಟ್ಟು ಮಾಡಿ ಎದ್ದು ಹೋಗುವುದು, ಅವರನ್ನು ಚಹಾಕ್ಕೆ ಕರೆದು ತಂದು ಮತ್ತೆ ಒದರುವುದು. ಹೆಂಗಸರು ಅಗಸಿಗೆ ಬರುವುದಿಲ್ಲ. ಮನೆಯೊಳಗೆ ಗಂಡನ ತಾಟಿಗೆ ರೊಟ್ಟಿ ಕುಕ್ಕಿ ತಮ್ಮ ವೋಟು ಹಾಕುತ್ತಾರೆ. ಈ ಸಲ ರೊಟ್ಟಿ ಬಹಳ ಜೋರಾಗಿ ಬಿದ್ದಿದ್ದವು. ಹಾಗಾಗಿ ಊರಿಗೆ ಬೇಕಾದದ್ದು ಬಟ್ಟೆ ಒಗೆಯುವ ಕಟ್ಟೆ ಎಂದು ಆಗಿತ್ತು. ಮೇಲೆ ತಗಡು, ಪಕ್ಕದಲ್ಲಿ ಬೋರ್, ಸೋಲಾರ್ ಮೋಟರು.

ಎಲ್ಲರಿಗಿಂತ ಹೆಚ್ಚು ಅದನ್ನು ಕಾಯುತ್ತಿದ್ದವಳು ನನ್ನ ಚಿಗವ್ವನ ಮಗಳು ಹನುಮವ್ವ. ಊರ ನಳದ ನೀರು ಕುಡಿಯಲಿಕ್ಕೆ, ಅಡುಗೆಗೆ ಸರಿಹೋಗುತ್ತದೆ. ಬಟ್ಟೆಗೆ ಕಾಲುವೆಯೇ ಗತಿ. ಹಿಂದಿನ ಮಳೆಗಾಲದಲ್ಲಿ ಕಾಲುವೆಯ ಪಾಚಿಯ ಮೇಲೆ ಜಾರಿ ಬಿದ್ದು ಅವಳ ಮೊಣಕಾಲು ಹೋಯಿತು. ಈಗ ಗಂಟು ಹೊತ್ತು ಅಷ್ಟು ದೂರ ಕುಂಟುತ್ತಾಳೆ.

"ಕಟ್ಟಿ ಆದ್ರ ಸಾಕು ಅಕ್ಕಾ," ಎನ್ನುತ್ತಿದ್ದಳು, "ಸತ್ತರೂ ಕಾಲುವಿ ಕಡಿ ಮಕ ಹಾಕಂಗಿಲ್ಲ ನಾ."

ಕಂಪನಿಯ ಸಾಹೇಬ ಸಭೆಗೆ ಬಂದ ದಿನ ಶಾಲೆಯ ಅಂಗಳದಲ್ಲಿ ಇಡೀ ಊರು ಸೇರಿತ್ತು. ಹೆಂಗಸರೂ ಇರಲೇಬೇಕೆಂದು ಅವನ ರೂಲ್ಸ್. ಹೈದರಾಬಾದಿನ ಕಡೆಯ ಹುಡುಗ, ಪಾಪ, ಬೆವರುತ್ತಿದ್ದ. ಎಂದಿನಂತೆ ಎಲ್ಲರೂ ಒಮ್ಮೆಲೇ ಒದರಲು ಶುರು ಮಾಡಿದರು. ಒಂದು ಗಳಿಗೆ ತಡೆದಿದ್ದರೆ ಆ ಒದರಾಟದಿಂದಲೇ ಕಟ್ಟೆ ಹೊರಗೆ ಬರುತ್ತಿತ್ತು. ನನ್ನಿಂದ ತಡೆಯಲಾಗಲಿಲ್ಲ. ನನ್ನೊಳಗಿನ ಸೆಕ್ರೆಟರಿ ಎದ್ದು ನಿಂತಳು.

"ಸೈಲೆನ್ಸ್!" ಎಂದೆ.

ನಾಯಿ ಸಹ ಸುಮ್ಮನಾಯಿತು.

"ಇದು ಸಭೆ, ಸಂತಿ ಅಲ್ಲ. ಮೊದಲು ಪ್ರೊಸೀಜರ್ ಕಲೀರಿ. ಈಗ ಉದಾಹರಣೆಗೆ, ಬರೇ ಉದಾಹರಣೆಗೆ, ನಾ ಒಂದು ಮೋಷನ್ ಮಂಡಿಸ್ತೀನಿ."

ಇಲ್ಲಿ ನನ್ನ ಟೀಚಿಂಗ್ ಮೆಥಡ್ ಗಮನಿಸಬೇಕು. ಜನ 'ಬೇಡ' ಎಂದು ಧೈರ್ಯವಾಗಿ ಹೇಳುವುದನ್ನು ಕಲಿಯಬೇಕಾದರೆ, ಯಾರೂ ಒಪ್ಪಲಾರದಂಥ ಹುಚ್ಚು ಬೇಡಿಕೆಯನ್ನೇ ಇಡಬೇಕು. ಆದ್ದರಿಂದ ಹೇಳಿದೆ: "ನಮ್ಮೂರಿಗೆ ಒಂದು ಕಾರಂಜಿ ಬೇಕು!"

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಡಿಬೇಟಿನಲ್ಲಿ ಕಾರಣ ಕೊಡಬೇಕಲ್ಲ! "ನಮ್ಮ ಕಾನ್ವೆಂಟಿನ ಅಂಗಳದಾಗ ಒಂದು ಇತ್ತು. ಸೋ ಚಾರ್ಮಿಂಗ್! ಮನಿ ನೆನಪಾಗಿ ಅಳು ಬಂದಾಗ ಅದರ ಮುಂದ ಹೋಗಿ ಕುಂಡ್ರತಿದ್ದೆ. ಮನಸು ತಣ್ಣಗ ಆಗತಿತ್ತು," ಎಂದೆ. ಹೇಳುತ್ತ ಹೇಳುತ್ತ ನನಗೇ ಕಣ್ಣಲ್ಲಿ ನೀರು ಬಂತು. ಆಕ್ಟಿಂಗ್ ಅಲ್ಲ, ನಿಜವಾಗಿ.

"ಈಗ ಬ್ಯಾಡ ಅನ್ನೋರು ಕೈ ಎತ್ರಿ!"

ಒಂದು ಕೈಯೂ ಇಲ್ಲ.

"ಹೆದರಬ್ಯಾಡ್ರಿ, ಎತ್ರಿ!"

ಎಲ್ಲರೂ ನೆಲ ನೋಡಿದರು.

"ಹಂಗಾದ್ರ ಬೇಕು ಅನ್ನೋರು?"

ಮೊದಲು ಎದ್ದದ್ದು ಹನುಮವ್ವನ ಕೈ. ಅದೂ ಎರಡೂ ಕೈ! ಅವಳ ಹಿಂದೆ ಹೆಂಗಸರ ಕೈ, ಆಮೇಲೆ ಗಂಡಸರ ಕೈ, ಕಂಪೌಂಡಿನ ಆಚೆ ಚಹಾದ ಅಂಗಡಿಯವನ ಕೈ, ಕೈಯಲ್ಲಿ ಸೌಟು. ಇಡೀ ಕೇರಿ ನನ್ನನ್ನೇ ನೋಡುತ್ತ ನಗುತ್ತಿತ್ತು.

"ಚಾಲಾ ಬಾಗುಂದಿ, ಬಹಳ ಚೆನ್ನಾಗಿದೆ ಮೇಡಮ್!" ಸಾಹೇಬ ಕುಣಿಯುವುದೊಂದು ಬಾಕಿ. "ಬೇರೆ ಊರಲ್ಲಿ ಜಗಳ, ಇಲ್ಲಿ ಯುನಾನಿಮಸ್!" ಎತ್ತಿದ ಕೈಗಳ ಫೋಟೋ ಹೊಡೆದೇಬಿಟ್ಟ.

"ನೋ ನೋ, ಇದು ಬರೇ ತೋರಿಸಲಿಕ್ಕೆ! ಈಗ ನಿಜವಾದ ಮೋಷನ್..."

"ಒಂದು ಊರಿಗೆ ವರ್ಷಕ್ಕೆ ಒಂದೇ ಕೆಲಸ ಮೇಡಮ್," ಎಂದವನೇ ಜೀಪು ಹತ್ತಿದ.

ಮನೆಗೆ ಬಂದವಳೇ, ಜೊತೆಗೆ ಬಂದಿದ್ದ ಹನುಮವ್ವನ ಮೇಲೆ ಹಾರಿದೆ. "ನಿನಗೇನ್ ಹುಚ್ಚು ಹಿಡದದೇನಬೇ? ಕಾರಂಜಿಗಿ ಯಾಕ ಕೈ ಎತ್ತಿದಿ? ನಾ ಉದಾಹರಣೆಗೆ ಅಂತ ಸಾವಿರ ಸಲ ಹೇಳಿದ್ನೆಲ್ಲ!"

ಅವಳು ಮೊಣಕಾಲು ನೀವಿಕೊಳ್ಳುತ್ತ, "ಹೇಳಿದಿ ಅಕ್ಕಾ. ಅದಕ್ಕs ತಿಳೀತು, ನಿನಗ ಭಾಳ ಆಸಿ ಅದ ಅಂತ" ಎಂದಳು.

ನಮ್ಮವರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಟೀಚರಮ್ಮಾ, ಈ ಊರಾಗ ಹುಟ್ಟಿದಾಕಿ ನೀನೋ ನಾನೋ? ಇಲ್ಲಿ ಬೇಕಾದ್ದನ್ನ ಯಾರರ 'ಬೇಕು' ಅಂತ ಕೇಳ್ತಾರೇನು? ನಮ್ಮ ಲಗ್ನದ ಮಾತುಕತಿಯಾಗ ನಮ್ಮಪ್ಪ ಏನಂದಿದ್ದ? 'ಸುಮ್ನ ಮಾತಿಗಿ ಅಂತೀನಿ, ಹುಡುಗನ ಕೈಗೊಂದು ವಾಚು ಇದ್ರ ಛಂದ' ಅಂದ. ನಿಮ್ಮಪ್ಪ ಮರುದಿನs ರಾಯಚೂರಿಗೆ ಓಡಿದ್ದ!"

ಅಯ್ಯೋ! ನಿಜ. ನಮ್ಮಲ್ಲಿ ಹಿರಿಯರು ತಮಗೆ ಬೇಕಾದ್ದನ್ನು ಕೇಳುವ ಮರ್ಯಾದೆಯೇ ಅದು. 'ಮಾತಿಗಿ ಅಂತೀನಿ' ಎಂದು ಶುರು ಮಾಡಿದರೆ ಕೇಳಿದವರು ಕೊಡಲೇಬೇಕು. ಹಾಸ್ಟೆಲಿನಲ್ಲಿ ಬೆಳೆದ ನನಗೆ ಪ್ಲೀಸ್ ಗೊತ್ತಿತ್ತು, ಥ್ಯಾಂಕ್ಯೂ ಗೊತ್ತಿತ್ತು. ಇದು ಗೊತ್ತಿರಲಿಲ್ಲ.

"ಹುಟ್ಟಿದಾಗಿಂದ ನೀ ಕೇರಿಗಿ ಏನ್ ಕೇಳಿದ್ದಿ ಅಕ್ಕಾ?" ಹನುಮವ್ವ ಅಂದಳು. "ಒಂದ ಸಲ ಬಾಯಿ ಬಿಟ್ಟಿ. ಅದೂ ಕಣ್ಣಾಗ ನೀರು ತಂದು. ನನ್ನ ಅರಿವಿ ಏನು, ಇಷ್ಟು ದಿನ ಒಗದಿಲ್ಲೇನು?"

 

ಮರುದಿನವೇ ರಾಯಚೂರಿನ ಕಂಪನಿ ಆಫೀಸಿಗೆ ಓಡಿದೆ. ಕಾರಂಜಿ ಬೇಡ, ಊರಲ್ಲಿ ನೀರಿಲ್ಲ ಎಂದೆ. ಸಾಹೇಬ ಬಹಳ ಗಂಭೀರವಾಗಿ ಕೇಳಿಸಿಕೊಂಡು ಡ್ರಾಯಿಂಗ್ ತಿದ್ದಿಸಿದ. "ಥ್ಯಾಂಕ್ಯೂ ಮೇಡಮ್! ಹಾಗಾದರೆ ಬೋರ್ ಬೇಡ. ಒಮ್ಮೆ ಟ್ಯಾಂಕರ್ ನೀರು ತುಂಬಿದರೆ ಅದೇ ನೀರು ಮೇಲೆ ಹೋಗಿ ಕೆಳಗೆ ಬರುತ್ತದೆ!" ಹೋಗಿದ್ದರಿಂದ ಆದ ಲಾಭ, ಕಾರಂಜಿಯ ಜೊತೆ ಬರಲಿದ್ದ ಬೋರೂ ಹೋಯಿತು.

"ಹರದ ಟಿಕೀಟು ವಾಪಸ್ ತಗೊಳಂಗಿಲ್ಲ ಅಂತ ಹೇಳಿದ್ನೆಲ್ಲ," ಎಂದರು ನಮ್ಮವರು.

ಕಾರಂಜಿ ಎದ್ದಿತು. ಉದ್ಘಾಟನೆಗೆ ರಿಬ್ಬನ್ ಕತ್ತರಿಸಿದವಳು ನಾನೇ. ನನಗೆ ಶಾಲು, ಮಾಲೆ, ಫೋಟೋ. ನೀರು ಮೇಲಕ್ಕೆ ಚಿಮ್ಮಿದಾಗ ಊರು ನೀರನ್ನು ನೋಡಲಿಲ್ಲ, ನನ್ನ ಮುಖ ನೋಡಿತು. ನಗದೆ ಏನು ಮಾಡಲಿ?

ಆದರೂ ಸೋಲು ಒಪ್ಪಲಿಲ್ಲ. ಕೇರಿಯ ಹೆಂಗಸರನ್ನು ಕರೆದು, "ಕಾರಂಜಿ ಸುತ್ತ ಕಟ್ಟಿ ಅದ, ಒಳಗ ನೀರದ. ಅಲ್ಲೇ ಒಗೀರಿ!" ಎಂದೆ.

"ಛೀ ಛೀ! ಟೀಚರವ್ವನ ಕಾರಂಜ್ಯಾಗ ಹೊಲಸು ಅರಿವಿ ಒಗಿಯೋದಾ?" ಎಂದು ಕೆನ್ನೆ ಕೆನ್ನೆ ಬಡಿದುಕೊಂಡರು. ನಾನು ಮತ್ತೆ ಹೀಗೆ ಹೇಳೀನು ಅಂತ ಹೆದರಿ, ತಾವೇ ದುಡ್ಡು ಕೂಡಿಸಿ ಸುತ್ತಲೂ ತಂತಿಬೇಲಿ ಹಾಕಿಸಿದರು.

ಈ ವರ್ಷ ಸಾಹೇಬ ಮತ್ತೆ ಬಂದ. ನಾನು ಸಭೆಯ ಹಿಂದಿನ ಸಾಲಿನಲ್ಲಿ ಬಾಯಿಗೆ ಸೆರಗು ಒತ್ತಿ ಕೂತೆ. ಊರು ಮನಸಾರೆ ಒದರಿ ಕಟ್ಟೆ ಕೇಳಿತು. ಅವನು ಬೇಜಾರಿನಿಂದ, "ರೂಲ್ಸ್ ಪ್ರಕಾರ ಮೊದಲು ಮಾಡಿದ್ದನ್ನು ಕಾಪಾಡಬೇಕು. ಈ ಸಲ ಕಾರಂಜಿಗೆ ಪಂಪು, ಬಣ್ಣ, ಲೈಟು" ಎಂದ. ಎಲ್ಲರೂ ತಿರುಗಿ ನನ್ನ ಕಡೆ ನೋಡಿ, "ಆಗಲಿ ಬಿಡ್ರಿ, ಟೀಚರವ್ವ ಸಂಜಿಕಿ ಕುಂಡ್ರತಾರ" ಎಂದರು.

ಹೌದು, ಕೂರುತ್ತೇನೆ. ಒಂದು ಸಂಜೆ ಹೋಗದಿದ್ದರೆ ಯಾರಾದರೂ ಮನೆಗೆ ಬಂದು, "ಯಾಕವ್ವಾ, ಆರಾಮಿಲ್ಲೇನು?" ಎಂದು ಕೇಳುತ್ತಾರೆ. ನನ್ನನ್ನು ದೂರದಿಂದ ಕಂಡೊಡನೆ ವಾಟರ್‌ಮನ್ ಶರಣಪ್ಪ ಬೇಲಿಯ ಗೇಟು ತೆಗೆದು, "ಟೀಚರ್ ಬಂದ್ರು, ಚಾಲೂ ಮಾಡ್ಲೇ!" ಎಂದು ಪಂಪಿನ ಹತ್ತಿರದ ಹುಡುಗನಿಗೆ ಒದರುತ್ತಾನೆ. ಅದೇ ನೀರು ಮೇಲೆ ಹೋಗಿ ಕೆಳಗೆ ಬಂದು ಈಗ ಹಸಿರಾಗಿದೆ. ಎರಿಮಣ್ಣಿನ ಧೂಳು ಬೇರೆ. ನಾನು ಕೂತು ಸಂತೋಷ ಪಡುತ್ತೇನೆ. ಬಹಳ ದಣಿವಾಗುತ್ತದೆ.

ನಿನ್ನೆ ಹನುಮವ್ವ ಕಾಲುವೆಯಿಂದ ಒದ್ದೆ ಗಂಟು ಹೊತ್ತು ಬಂದು, ಕಾಲು ಚಾಚಿ ನನ್ನ ಪಕ್ಕದಲ್ಲಿ ಕೂತಳು.

"ಮನಸು ತಣ್ಣಗ ಆತಿಲ್ಲೋ ಅಕ್ಕಾ?"

"ಆತವ್ವಾ," ಎಂದೆ.

ತಣ್ಣಗಾದದ್ದು ಬೆನ್ನು. ಗಾಳಿ ತಿರುಗಿ ಸೀರೆಯ ಹಿಂಭಾಗಕ್ಕೆಲ್ಲ ಹಸಿರು ರಾಡಿ ಸಿಡಿದಿತ್ತು. ಮನೆಯಲ್ಲಿ ಬಕೀಟಿನಲ್ಲಿ ಅದ್ದಿದರೆ ಹೋಗುವ ಕಲೆಯಲ್ಲ.

"ಅಯ್ಯ, ಒಳ್ಳೇ ಸೀರಿ! ಇರ್ಲಿ ತಗೋ, ನಾಳಿ ಕಾಲುವಿಗಿ ನಾ ಹೊಂಟೀನೆಲ್ಲ" ಎಂದಳು. ಬೇಡ ಬೇಡ ಎಂದರೂ ಕೇಳಲಿಲ್ಲ. ಇವತ್ತು ಬೆಳಿಗ್ಗೆ ಮನೆಗೇ ಬಂದು ಒಯ್ದಳು. ಕುಂಟುತ್ತ ಹೋಗುವವಳನ್ನು ಬಾಗಿಲಲ್ಲಿ ನಿಂತು ನೋಡಿದೆ. ಇಂಗ್ಲಿಷ್ ಕಲಿತ ಮುದುಕಿ ಊರಿಗೆ ಬಂದು ಮಾಡಿದ ಉಪಕಾರ ಇಷ್ಟು: ಹನುಮವ್ವನ ಗಂಟಿನಲ್ಲಿ ಒಂದು ಸೀರೆ ಜಾಸ್ತಿ.