ದಣಿವಿಗೆ ಮೊದಲ ಬಹುಮಾನ

ಅಪರಿಚಿತರ ಫೋಟೋವನ್ನು ಅವರ ಒಪ್ಪಿಗೆ ಇಲ್ಲದೆ ಇನ್ನು ಮುಂದೆ ತೆಗೆಯುವುದಿಲ್ಲ ಎಂದು ನಾನು ಪ್ರತಿಜ್ಞೆ ಮಾಡಿದ್ದು ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದೂಕಾಲಕ್ಕೆ, ನಮ್ಮ ಕಚೇರಿಯ ರೆಕಾರ್ಡ್ ರೂಮಿನಲ್ಲಿ, ಮೂವರು ಸಾಕ್ಷಿಗಳ ಸಮ್ಮುಖದಲ್ಲಿ! ಅವರಲ್ಲಿ ಒಬ್ಬರು ನಿದ್ದೆ ಮಾಡುತ್ತಿದ್ದರು ಎಂಬುದೊಂದನ್ನು ಬಿಟ್ಟರೆ ಅದು ಚಾರಿತ್ರಿಕ ಗಳಿಗೆಯೇ. "ಕ್ಯಾಮೆರಾ ಹಿಡಿದ ಮಾತ್ರಕ್ಕೆ ಕಂಡವರ ಮುಖ ನಮ್ಮಪ್ಪನ ಆಸ್ತಿಯಾ?" ಎಂದು ಮೇಜು ಗುದ್ದಿ ಕೇಳಿದೆ. ಕಡತಗಳ ಮೇಲಿನ ಧೂಳು ಎದ್ದಿತು. ಮಲಗಿದ್ದವರು ಒಮ್ಮೆ ಸೀನಿದರು, ಆದರೆ ಏಳಲಿಲ್ಲ.

ಈ ಆವೇಶಕ್ಕೆ ಕಾರಣ ನನ್ನ ಸಹೋದ್ಯೋಗಿ. ಕಚೇರಿಗೆ ಬರುವ ಹೋಗುವ ಪತ್ರಗಳೆಲ್ಲ ಅವನ ಕೈ ದಾಟಿಯೇ ಹೋಗಬೇಕು, ಹಾಗಾಗಿ ನಾವು ಅವನನ್ನು ಟಪಾಲು ಎಂದೇ ಕರೆಯುವುದು. ನಮ್ಮ ನೌಕರರ ಸಂಘದವರು ಒಂದು ಫೋಟೋ ಸ್ಪರ್ಧೆ ಇಟ್ಟಿದ್ದರು. ವಿಷಯ: 'ದಣಿವು'. ನಮ್ಮ ಕಚೇರಿಗೆ ಇದಕ್ಕಿಂತ ಒಪ್ಪುವ ವಿಷಯ ಇನ್ನೊಂದು ಸಿಗಲಾರದು! ಇಪ್ಪತ್ತಾರು ವರ್ಷದಿಂದ ಹಳೆಯ ಕಡತಗಳ ನಡುವೆ ಕೂತಿರುವ ನನಗಂತೂ ದಣಿವಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬೆಳಿಗ್ಗೆ ಏಳುವಾಗಲೇ ನಾನು ಸಂಜೆಯಷ್ಟು ಸುಸ್ತಾಗಿರುತ್ತೇನೆ. ಟಪಾಲು ಹಾಗಲ್ಲ, ಅವನಿಗೆ ಉತ್ಸಾಹದ ಕಾಯಿಲೆ. ನೆಟ್ಟಗೆ ಬಸ್ ನಿಲ್ದಾಣಕ್ಕೆ ಹೋಗಿ ಆಕಳಿಸುತ್ತಿದ್ದ ಹೆಂಗಸೊಬ್ಬರ ಫೋಟೋ ಹೊಡೆದ. ಆಕಳಿಕೆ ಮುಗಿಯುವಷ್ಟರಲ್ಲಿ ಅವನ ಕಾಲರು ಆಕೆಯ ಕೈಯಲ್ಲಿತ್ತು.

"ಏನಂದ್ರೋ ಅವರು?" ಎಂದು ಕೇಳಿದೆ.

"'ನನ್ನ ಬಾಯಿ, ನಾನು ತೆಗೀತೀನಿ, ನಾನು ಮುಚ್ತೀನಿ. ಅದನ್ನ ತೆಗೆಯೋಕೆ ನೀನ್ಯಾವನೋ?' ಅಂದ್ರು."

"ನೀನೇನಂದೆ?"

"ನಾನು ಕಲಾವಿದ ಅಂದೆ."

"ಅದಕ್ಕೆ?"

"ಅದಕ್ಕೇ ಇನ್ನೊಂದು ಕೈಯಲ್ಲೂ ಹಿಡಿದ್ರು."

ಆಗ ಹುಟ್ಟಿದ್ದು ನನ್ನ ಪ್ರತಿಜ್ಞೆ. ಆದರೆ ನಾನು ಗುಮಾಸ್ತ. ಗುಮಾಸ್ತನ ಮಟ್ಟಿಗೆ ಬರೀ ಮಾತಿನ ನೀತಿ ನೀತಿಯಲ್ಲ, ಅದಕ್ಕೊಂದು ಫಾರಂ ಇರಬೇಕು! ಊಟದ ಬಿಡುವಿನಲ್ಲಿ ಕೂತು ಒಪ್ಪಿಗೆ ಪತ್ರ ತಯಾರಿಸಿದೆ. ಎರಡೆರಡು ಪ್ರತಿ. 'ಕೆಳಗೆ ಸಹಿ ಮಾಡಿರುವ ನಾನು, ಯಾರ ಬಲವಂತವೂ ಇಲ್ಲದೆ, ಸ್ವಸಂತೋಷದಿಂದ ದಣಿದಿರುತ್ತೇನೆಂದೂ, ಸದರಿ ದಣಿವನ್ನು ಛಾಯಾಚಿತ್ರದಲ್ಲಿ ದಾಖಲಿಸಲು ನನ್ನದೇನೂ ಅಭ್ಯಂತರ ಇರುವುದಿಲ್ಲವೆಂದೂ ಈ ಮೂಲಕ ದೃಢೀಕರಿಸುತ್ತೇನೆ.' ಓದಿಕೊಂಡಾಗ ನನಗೇ ಕಣ್ಣು ತುಂಬಿ ಬಂತು. ಮನೆಗೆ ತಂದು ಹೆಂಡತಿಗೆ ಕೊಟ್ಟೆ.

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಅವಳಿಗೆ ಅದೇ ವಾರ ದೊಡ್ಡದೊಂದು ಪರೀಕ್ಷೆಯಿತ್ತು. ವಾರ್ಡಿನ ಇನ್‌ಚಾರ್ಜ್ ನಿವೃತ್ತರಾಗಿದ್ದರು. ಹನ್ನೊಂದು ವರ್ಷದಿಂದ ಅದೇ ವಾರ್ಡಿನಲ್ಲಿ ದುಡಿದ ಇವಳಿಗೇ ಆ ಜಾಗ ನ್ಯಾಯವಾಗಿ ಬರಬೇಕು. ಆದರೆ ಆಸ್ಪತ್ರೆಯ ದೊಡ್ಡ ಡಾಕ್ಟರಿಗೆ ಒಂದೇ ಅನುಮಾನ: 'ವಯಸ್ಸಾಯ್ತು, ಓಡಾಡೋಕೆ ಆಗುತ್ತಾ?' ಗುರುವಾರ ಅವರ ಮುಂದೆ ಸಂದರ್ಶನ. ಇವಳು ಪಾತ್ರೆ ತೊಳೆಯುವಾಗಲೂ ಉತ್ತರ ಅಭ್ಯಾಸ ಮಾಡುತ್ತಿದ್ದಳು.

ಫಾರಂ ಓದಿ, "ದಣಿದವರಿಗೆ ಇದನ್ನ ಓದೋಷ್ಟು ತ್ರಾಣ ಇರುತ್ತೇನ್ರೀ?" ಅಂದಳು.

"ನೀತಿ ಅಂದ್ರೆ ನೀತಿ ಕಣೇ. ಕಂಡವರ ಮುಖಕ್ಕೆ ಮರ್ಯಾದೆ ಕೊಡಬೇಕು."

"ಕೊಡಿ ಕೊಡಿ. ಹೊರಗೆ ಹೋಗಿ ಕೊಡಿ, ಈಗ ನೆಲ ಒರೆಸಬೇಕು."

ಮರುದಿನ ಸಂಜೆ ಕ್ಯಾಮೆರಾ, ಫಾರಂ, ಪೆನ್ನು ಹಿಡಿದು ಬೀದಿಗಿಳಿದೆ. ಮೊದಲು ಸಿಕ್ಕವನು ಚಪ್ಪಲಿ ಹೊಲಿಯುವವನು. ಪೆಟ್ಟಿಗೆಗೆ ಒರಗಿ ತೂಕಡಿಸುತ್ತಿದ್ದ. ಎಂಥ ದಣಿವು! ಮೆಲ್ಲಗೆ ಎಬ್ಬಿಸಿ ಫಾರಂ ಕೊಟ್ಟೆ. ಅವನು ಕಾಗದ ನೋಡಿದ, ನನ್ನ ಮುಖ ನೋಡಿದ. "ಜಾಗ ಖಾಲಿ ಮಾಡಿಸೋ ನೋಟೀಸಾ ಸಾರ್?" ಅಂದ. "ಅಲ್ಲಪ್ಪ, ನಿನ್ನ ಗೌರವಕ್ಕೋಸ್ಕರ..." ಎನ್ನುವಷ್ಟರಲ್ಲಿ ಪೆಟ್ಟಿಗೆ ಸಮೇತ ನಾಪತ್ತೆ. ಪಕ್ಕದಲ್ಲೇ ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ನಿಂತಿದ್ದ ಗಿರಾಕಿಯೊಬ್ಬರು ನನಗೆ ಹೇಳಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಎರಡನೆಯವನು ಒಂದು ಕಟ್ಟಡದ ಕಾವಲುಗಾರ. ಸಂತೋಷವಾಗಿ ಸಹಿ ಹಾಕಿದ. ಆಮೇಲೆ ಗುಂಡಿ ಹಾಕಿಕೊಂಡ, ತಲೆ ಬಾಚಿಕೊಂಡ, ಎದೆ ಉಬ್ಬಿಸಿ ನಿಂತ. "ಸ್ವಲ್ಪ ಸುಸ್ತಾಗಿರಿ" ಅಂದೆ. "ಸುಸ್ತಾದ್ರೆ ಕೆಲಸದಿಂದ ತೆಗೀತಾರೆ ಸಾರ್, ನೀವು ಹೀಗೇ ತೆಗೀರಿ" ಅಂದ. ತೆಗೆದೆ. ಎರಡು ದಿನಗಳಲ್ಲಿ ಹದಿನಾಲ್ಕು ಒಪ್ಪಿಗೆ ಪತ್ರಗಳು, ಹದಿನಾಲ್ಕು ಫೋಟೋಗಳು. ಒಂದೊಂದೂ ಗುರುತಿನ ಚೀಟಿಗೆ ಅಂಟಿಸುವಂತಿತ್ತು! ದಣಿದವನು ಯಾರೆಂದು ಹುಡುಕಿದರೆ ಕ್ಯಾಮೆರಾದ ಹಿಂದೆ ನಿಂತಿದ್ದ ನಾನೊಬ್ಬನೇ.

ಕೊನೆಯವನು ರೈಲು ನಿಲ್ದಾಣದ ಹಮಾಲಿ. ಖಾಲಿ ಕೈಗಾಡಿಯ ಮೇಲೆ ಕೂತಿದ್ದ. ಫಾರಮ್ಮನ್ನು ಪೂರ್ತಿ, ಅಡಿಟಿಪ್ಪಣಿ ಸಮೇತ, ಓದಿದ ಏಕೈಕ ವ್ಯಕ್ತಿ ಅವನು.

"ದಣಿದಿದ್ದೀರಾ?" ಎಂದೆ.

"ದಣಿದಿದ್ದೀನಿ."

"ಹಾಗಾದ್ರೆ ತೆಗೀಲಾ?"

"ಬೇಡ ಸ್ವಾಮಿ. ನಾನು ದಣೀತೀನಿ ಅಂತ ನಮ್ಮ ಮನೇಲಿ ಯಾರಿಗೂ ಗೊತ್ತಿಲ್ಲ. ದಿನಾ ಬಾಗಿಲ ಹೊರಗೆ ಒಂದೈದು ನಿಮಿಷ ನಿಂತು, ಮುಖ ಸರಿಮಾಡ್ಕೊಂಡು ಒಳಗೆ ಹೋಗ್ತೀನಿ. ಮನೆಯವರಿಗೇ ತೋರಿಸದೇ ಇರೋದನ್ನ ನೀವು ತಗೊಂಡು ಹೋಗಿ ಗೋಡೆಗೆ ಹಾಕ್ತೀರಾ?"

ಇದಕ್ಕೆ ನನ್ನ ಫಾರಮ್ಮಿನಲ್ಲಿ ಕಾಲಂ ಇರಲಿಲ್ಲ. ಅವನು ಕಾಗದವನ್ನು ಮಡಿಸಿ ಗಾಳಿ ಬೀಸಿಕೊಳ್ಳತೊಡಗಿದ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಇಷ್ಟು ಕಾಗದ ಖರ್ಚು ಮಾಡಿಯೂ ನನಗೆ ತಿಳಿಯದಿದ್ದದ್ದು ಅವನಿಗೆ ಕೂತಲ್ಲೇ ತಿಳಿದಿತ್ತಲ್ಲ ಅನ್ನಿಸಿತು. ಆದರೆ ನಾಚಿಕೆ ಬಹಳ ಹೊತ್ತು ನಿಲ್ಲುವ ವಸ್ತುವಲ್ಲ. ಬಸ್ಸಿನಲ್ಲಿ ಸೀಟು ಸಿಗುವಷ್ಟರಲ್ಲಿ ಇಳಿದುಹೋಗಿತ್ತು.

ಗುರುವಾರ ಹೆಂಡತಿ ಸಂದರ್ಶನ ಮುಗಿಸಿ ಹಸನ್ಮುಖಿಯಾಗಿ ಬಂದಳು. "'ದಣಿವು ಅಂದ್ರೆ ಏನೂಂತಲೇ ನನಗೆ ಗೊತ್ತಿಲ್ಲ ಸರ್' ಅಂದುಬಿಟ್ಟೆ ಕಣ್ರೀ. ದೊಡ್ಡ ಡಾಕ್ಟರು ಬರ್ಕೊಂಡ್ರು!" ಅಂದಳು. ಹತ್ತು ದಿನದಲ್ಲಿ ತೀರ್ಮಾನ ತಿಳಿಸುತ್ತಾರಂತೆ.

ಸ್ಪರ್ಧೆಗೆ ಫೋಟೋ ಕೊಡಲು ಸೋಮವಾರ ಕೊನೆಯ ದಿನ. ಭಾನುವಾರ ಮಧ್ಯಾಹ್ನ ನಾನು ಆಸೆ ಬಿಟ್ಟು ಹೊರಳಾಡುತ್ತಿದ್ದೆ. ನೀರು ಕುಡಿಯಲೆಂದು ಎದ್ದು ನಡುಮನೆಗೆ ಬಂದೆ. ಬೆಳಗಿನ ಡ್ಯೂಟಿ ಮುಗಿಸಿ ಬಂದ ಹೆಂಡತಿ, ಒಗೆದ ಬಟ್ಟೆಯ ರಾಶಿಯ ನಡುವೆ ಕೂತು, ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ಅರ್ಧ ಮಡಿಸಿದ ಹೊದಿಕೆ ತೊಡೆಯ ಮೇಲೆ. ಬಾಯಿ ತುಸು ತೆರೆದಿದೆ. ಕಿಟಕಿಯಿಂದ ಓರೆಯಾಗಿ ಬಿಸಿಲು. ಅಯ್ಯೋ ದೇವರೇ, ಊರೆಲ್ಲ ಅಲೆದೆನಲ್ಲ, ದಣಿವು ನನ್ನ ಮನೆಯಲ್ಲೇ ಇತ್ತು!

ನಾನೇನು ನೀತಿಗೆಟ್ಟವನಲ್ಲ. ಕ್ಯಾಮೆರಾ ಎತ್ತುವ ಮುಂಚೆ ಪ್ರತಿಜ್ಞೆಯ ಪದಗಳನ್ನು ಮತ್ತೊಮ್ಮೆ ಕೂಲಂಕಷವಾಗಿ ಪರಿಶೀಲಿಸಿದೆ. 'ಅಪರಿಚಿತರ ಫೋಟೋ' ಎಂದಿದೆ. ಇಪ್ಪತ್ತೆರಡು ವರ್ಷದ ಹೆಂಡತಿ ಅಪರಿಚಿತಳೇ? ಅಲ್ಲ. ಇದು ಸಾರ್ವಜನಿಕ ಸ್ಥಳವೇ? ಬಾಡಿಗೆ ಕೊಡುವವನು ನಾನು, ಆದ್ದರಿಂದ ಅದೂ ಅಲ್ಲ. ಕಡತ ಮುಕ್ತಾಯ! ಸದ್ದಾಗದಂತೆ ಕುರ್ಚಿ ಸರಿಸಿದೆ, ಪರದೆ ಎಳೆದೆ, ಒಮ್ಮೆ ನೆಲದ ಮೇಲೆ ಮಲಗಿಯೂ ನೋಡಿದೆ. ಮರುದಿನ ಫೋಟೋ ಕೊಟ್ಟೆ. ಶುಕ್ರವಾರ ಫಲಿತಾಂಶ. ಮೊದಲ ಬಹುಮಾನ!

"ಭಾನುವಾರ ಸಭೆ. ನೀನು ಬರಲೇಬೇಕು" ಎಂದೆ ಹೆಂಡತಿಗೆ.

"ಯಾರ ಫೋಟೋರೀ ಅದು?"

"ಅದು ಗುಟ್ಟು!"

"ಒಪ್ಪಿಗೆ ತಗೊಂಡಿದ್ದೀರಿ ತಾನೆ?"

"ನಿಯಮ ಪ್ರಕಾರವೇ ಎಲ್ಲ ಆಗಿದೆ" ಎಂದೆ. ಕಚೇರಿಯಲ್ಲಿ ಈ ವಾಕ್ಯ ಬಳಸಿ ನಾನು ಎಷ್ಟೋ ಸಲ ಪಾರಾಗಿದ್ದೇನೆ.

ಅವಳು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಖುಷಿಯಿಂದ ಬಂದು ಮೂರನೇ ಸಾಲಿನಲ್ಲಿ ಕೂತಳು. ವೇದಿಕೆಯ ಹಿಂದಿನ ಗೋಡೆಯಲ್ಲಿ ನನ್ನ ಫೋಟೋ, ಮೂರಡಿ ಎತ್ತರ, ಪರದೆಯ ಮರೆಯಲ್ಲಿ. ಪರದೆಯ ಹಗ್ಗ ಟಪಾಲಿನ ಕೈಯಲ್ಲಿ. ಬರಬೇಕಾಗಿದ್ದ ಮುಖ್ಯ ಅತಿಥಿಗೆ ಅದೇ ಬೆಳಿಗ್ಗೆ ಹೊಟ್ಟೆ ಕೆಟ್ಟಿತ್ತಂತೆ. ಅವರನ್ನು ನೋಡಲು ಹೋಗಿದ್ದ ಡಾಕ್ಟರನ್ನೇ ಸಂಘದವರು ಕೈಹಿಡಿದು ಕರೆತಂದಿದ್ದರು. ಡಾಕ್ಟರು ಮೆಟ್ಟಿಲು ಹತ್ತಿ ವೇದಿಕೆಗೆ ಬಂದರು. ಮೂರನೇ ಸಾಲಿನಲ್ಲಿದ್ದ ನನ್ನ ಹೆಂಡತಿ ತಟ್ಟನೆ ಎದ್ದುನಿಂತು, "ನಮಸ್ಕಾರ ಸರ್" ಅಂದಳು.

ಅವಳ ಆಸ್ಪತ್ರೆಯ ದೊಡ್ಡ ಡಾಕ್ಟರು! ತೀರ್ಮಾನ ಇನ್ನೂ ಅವರ ಜೇಬಿನಲ್ಲೇ ಇದೆ!

"ಟಪಾಲು, ಎಳೀಬೇಡ!" ಎಂದು ವೇದಿಕೆಯ ಪಕ್ಕದಿಂದ ಕೂಗಿದೆ. ಮೈಕು ಕಿರ್ರೆಂದಿತು.

"ಏನು? ಎಳೀಲಾ?"

"ಬೇಡವೋ!"

"ಬೇಗನಾ? ಆಯ್ತು!" ಎಂದು ಎಳೆದೇಬಿಟ್ಟ.

ಮೂರಡಿ ಎತ್ತರದ ನನ್ನ ಹೆಂಡತಿ ಬಾಯಿ ತೆರೆದು ಮಲಗಿದ್ದಳು. ಕೆಳಗೆ ದಪ್ಪ ಅಕ್ಷರದಲ್ಲಿ 'ದಣಿವು'. ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಗೋಡೆ ನೋಡಿದರು, ಆಮೇಲೆ ಮೂರನೇ ಸಾಲು ನೋಡಿದರು.

"ಸಿಸ್ಟರ್, ದಣಿವು ಅಂದ್ರೆ ಏನೂಂತಲೇ ಗೊತ್ತಿಲ್ಲ ಅಂದಿದ್ರಲ್ಲ?"

ಸಭೆ ಘೊಳ್ಳೆಂದು ನಕ್ಕಿತು. ಅವಳು ನಗಲಿಲ್ಲ. ಅವಳ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಹನ್ನೊಂದು ವರ್ಷ ಅವಳು ಯಾರಿಗೂ ಕಾಣಿಸದಂತೆ ಕಾಪಾಡಿಕೊಂಡು ಬಂದದ್ದನ್ನು ನಾನು ಚೌಕಟ್ಟು ಹಾಕಿಸಿ ನೇತುಹಾಕಿದ್ದೆ.

ಅವಳು ನಿಧಾನವಾಗಿ ಮತ್ತೆ ಎದ್ದಳು. "ಈಗಲೂ ಅದನ್ನೇ ಹೇಳ್ತೀನಿ ಸರ್. ಅದು ವಾರ್ಡಿನ ದಣಿವಲ್ಲ, ಮನೇದು. ವಾರ್ಡಿಗೆ ಬಂದ್ರೇ ನನಗೆ ವಿಶ್ರಾಂತಿ. ಅಲ್ಲಿರೋರು ಬರೀ ಮೂವತ್ತು ಜನ ರೋಗಿಗಳು. ವಾಸಿಯಾದ ಮೇಲೆ ಹೊರಟಾದ್ರೂ ಹೋಗ್ತಾರೆ."

ಈ ಸಲ ಚಪ್ಪಾಳೆ ಬಿತ್ತು. ಟಪಾಲು ಹಗ್ಗ ಬಿಟ್ಟು ಎರಡೂ ಕೈಯಲ್ಲಿ ತಟ್ಟಿದ.

"ಒಂದೇ ಕೋರಿಕೆ ಸರ್. ಅದನ್ನ ಮುಚ್ಚಿಸಿ" ಎಂದಳು. ಅವಳ ದನಿ ಸಣ್ಣಗಾಯಿತು. "ಯಾರೂ ನೋಡ್ತಾ ಇಲ್ಲ ಅಂದ್ಕೊಂಡು ಮಲಗಿದ್ದೆ."

ಚಪ್ಪಾಳೆ ನಿಂತಿತು. ದೊಡ್ಡ ಡಾಕ್ಟರು ಬೇರೆ ಯಾರಿಗೂ ಹೇಳದೆ ತಾವೇ ಹೋಗಿ ಪರದೆ ಎಳೆದರು. "ವಾರ್ಡ್ ಇನ್‌ಚಾರ್ಜ್ ಹೇಳಿದ ಮೇಲೆ ಡಾಕ್ಟರೂ ಕೇಳಬೇಕಲ್ಲ" ಎಂದರು. ಅದು ಅರ್ಥವಾಗಲು ಅವಳಿಗೆ ಒಂದು ನಿಮಿಷ ಹಿಡಿಯಿತು. ಅರ್ಥವಾದ ಮೇಲೆ ಕುರ್ಚಿಯಲ್ಲಿ ಕುಸಿದು ಕೂತು ಕಣ್ಣೊರೆಸಿಕೊಂಡಳು.

ನನ್ನ ಜೀವವೂ ಹಿಂದಿರುಗಿತು. ಬಹುಮಾನ ತೆಗೆದುಕೊಳ್ಳಲು ಹೋದೆ. ಡಾಕ್ಟರು ನನ್ನ ಕೈಗೆ ಪಾರಿತೋಷಕ ಕೊಡುತ್ತಾ, "ಒಳ್ಳೆ ಫೋಟೋರೀ. ತೆಗೆಯೋಕೆ ಎಷ್ಟು ಹೊತ್ತು ಹಿಡೀತು?" ಎಂದರು.

ಸದ್ಯ, ಕೊನೆಗೂ ಒಬ್ಬರು ಕಲೆಯ ಬಗ್ಗೆ ಕೇಳಿದರಲ್ಲ! ಮೈಕಿನ ಹತ್ತಿರ ಹೋಗಿ, "ಅರ್ಧ ಗಂಟೆ ಸರ್! ಬೆಳಕು ಸರಿಯಾಗಿ ಬೀಳೋವರೆಗೂ ಉಸಿರು ಬಿಗಿಹಿಡಿದು ಕಾದೆ. ನಲವತ್ತೆರಡು ಸಲ ಕ್ಲಿಕ್ ಮಾಡಿದೆ" ಎಂದೆ.

"ಅವರ ಪಕ್ಕದಲ್ಲಿ ಬಟ್ಟೆ ರಾಶಿ ಇತ್ತಲ್ಲ, ಅದನ್ನ ಮಡಿಸೋಕೆ ಎಷ್ಟು ಹೊತ್ತು ಬೇಕಿತ್ತು?"

ಆಣೆ ಮಾಡಿ ಹೇಳುತ್ತೇನೆ, ನನಗೆ ಗೊತ್ತಿರಲಿಲ್ಲ. ಮೂರನೇ ಸಾಲಿನಿಂದ ಉತ್ತರ ಬಂತು.

"ಹತ್ತು ನಿಮಿಷ ಸರ್, ಮಾಡೋರಿಗೆ."