ಲೆನ್ನಿ ವಾಸಿಕ್ ಮಾಡಿದ ಅದಲುಬದಲು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಉಪ್ಪಿನಕಾಯಿ ಹೋಳು.

ಹಾರ್ಲನ್‌ಬರ್ಗಿನ ಬೇಸ್‌ಬಾಲ್ ತಂಡದ ಹೆಸರು ಹೆರನ್ಸ್. ಆಟಗಾರರ ಟೋಪಿಯ ಮೇಲೆ ಒಂಟಿಕಾಲಲ್ಲಿ ನಿಂತ ಕೊಕ್ಕರೆ. ತಂಡದ ಸ್ಥಿತಿಯೂ ಹಾಗೇ, ಯಾವಾಗ ಬೀಳುತ್ತದೋ ಹೇಳುವಂತಿರಲಿಲ್ಲ. ಸೌತೆಕಾಯಿ ಉಪ್ಪಿನಕಾಯಿ ಮಾರಿ ಸಾಹುಕಾರನಾದ ಕ್ರೆಚ್ಮರ್ ಅದನ್ನು ಕೊಂಡು, ತಂಡ ಒಂದು ಕಪ್ ಗೆದ್ದದ್ದನ್ನೂ ನೋಡದೆ ಕಣ್ಣು ಮುಚ್ಚಿದ್ದ. ಈಗ ಒಡತಿ ಅವನ ಹೆಂಡತಿ ಡೋರೀನ್, ಅಧ್ಯಕ್ಷ ಮಗ ಟಾಡ್. ತಾಯಿ ಮಗನಿಗೆ ಮಾತುಕತೆ ಇರಲಿಲ್ಲ.

ಭಾನುವಾರದ ಔತಣದಲ್ಲಿ, ಟೀವಿ ಕ್ಯಾಮೆರಾಗಳ ಮುಂದೆ, ಡೋರೀನ್ ಒಂದು ಹೋಳನ್ನು ತಂಡದ ಅತಿ ದೊಡ್ಡ ಪಿಚರ್ ರಾಮೋನ್ ಸೆಪುಲ್ವೆದಾನ ಬಾಯಿಗೆ ತಾನೇ ಇಟ್ಟಳು. ಚೆಂಡೆಸೆಯುವಾಗ ಕಲ್ಲಿನಂತಿರುತ್ತಿದ್ದ ಅವನ ಮುಖ ಹಿಂಡಿದ ಒದ್ದೆ ಬಟ್ಟೆಯಂತಾಯಿತು. ಊರೆಲ್ಲ ನಕ್ಕಿತು.

ಮರುದಿನ ಬೆಳಿಗ್ಗೆ ಜನರಲ್ ಮ್ಯಾನೇಜರ್ ಲೆನ್ನಿ ವಾಸಿಕ್ ಕಾಫಿಗೆ ಸಕ್ಕರೆ ಹಾಕುತ್ತಿದ್ದಾಗ ಫೋನ್ ಬಂತು. ಆಟಗಾರರನ್ನು ಕೊಳ್ಳುವುದು, ಬೇರೆ ತಂಡಗಳ ಜೊತೆ ಅದಲುಬದಲು ಮಾಡುವುದು ಲೆನ್ನಿಯ ಕೆಲಸ. ಅವತ್ತು ಸಂಜೆ ಆರಕ್ಕೆ ಆ ವರ್ಷದ ಅದಲುಬದಲಿನ ಗಡುವು.

"ಲೆನ್ನಿ, ಆ ಸೆಪುಲ್ವೆದಾ ಸಂಜೆ ಹೊತ್ತಿಗೆ ನನ್ನ ಕಣ್ಣಿಗೆ ಬೀಳಬಾರದು," ಎಂದಳು ಡೋರೀನ್.

"ಮೇಡಂ, ಅವನು ಹೋದರೆ ನಮ್ಮ ಹತ್ರ ಉಳಿಯೋದು ಟೋಪಿ ಮಾತ್ರ."

"ಟೋಪಿ ಸಾಕು. ಅದು ಮುಖ ಸಿಂಡರಿಸಲ್ಲ."

ಫೋನ್ ಇಡುವಷ್ಟರಲ್ಲಿ ಟಾಡ್ ಒಳಗೆ ನುಗ್ಗಿದ. "ಅಮ್ಮ ಏನಂದ್ರು ಅಂತ ನಂಗೆ ಗೊತ್ತು. ಕೇಳ್ರಿ, ಶನಿವಾರ ಜನಕ್ಕೆ ಹಂಚೋಕೆ ಸೆಪುಲ್ವೆದಾನ ತಲೆಯಾಡಿಸೋ ಬೊಂಬೆ ಲಾರಿಗಟ್ಟಲೆ ಮಾಡಿಸಿದೀನಿ. ಅವನು ಹೋದ್ರೆ ನೀವೂ ಹೋದಹಾಗೆ."

ಟಾಡ್ ಹೊರಟಮೇಲೆ ಸೆಕ್ರೆಟರಿ ಗ್ಲ್ಯಾಡಿಸ್ ಇಣುಕಿದಳು. ಬಾಗಿಲ ಹಿಂದೆ ನಿಂತು ಕೇಳುವುದನ್ನು ಆಕೆ ಕೆಲಸದ ಭಾಗವೆಂದೇ ತಿಳಿದಿದ್ದಳು. "ಸಾರ್, ಇಬ್ಬರಿಗೂ ಆಯ್ತು ಅಂದ್ಬಿಡಿ. ಮಾರೋಕೆ ನೋಡಿದ ಹಾಗೆ ಮಾಡಿ, ಮಾರಬೇಡಿ. ನಮ್ಮ ಮನೆ ಹಳೇ ಸೋಫಾನ ನಾನು ಹತ್ತು ವರ್ಷದಿಂದ ಹಂಗೇ ಮಾರ್ತಿದೀನಿ."

ಲೆನ್ನಿಗೆ ಇದು ದೇವರ ಮಾತಿನಂತೆ ಕೇಳಿಸಿತು. ಯಾರೂ ಒಪ್ಪದ ಬೆಲೆ ಕೇಳಿದರಾಯಿತು. ತಾಯಿಗೆ 'ಪ್ರಯತ್ನಪಟ್ಟೆ' ಎನ್ನಬಹುದು, ಮಗನಿಗೆ 'ಉಳಿಸಿದೆ' ಎನ್ನಬಹುದು. ಪೋರ್ಟ್ ಆಲ್ಡನ್ ತಂಡದ ಜನರಲ್ ಮ್ಯಾನೇಜರ್ ಚಕ್ ಡಿಲೇನಿಗೆ ಫೋನ್ ಹಚ್ಚಿದ.

"ಚಕ್, ಸೆಪುಲ್ವೆದಾನ ಕೊಡ್ತೀನಿ. ಬದಲಿಗೆ ನಿಮ್ಮ ದೊಡ್ಡ ಹೊಡೆತಗಾರ ಬ್ರಾನಿಗನ್ ಬೇಕು."

"ಆಯ್ತು," ಎಂದ ಚಕ್.

"ಏನು ಆಯ್ತು?"

"ಆಯ್ತು ಅಂದ್ರೆ ಆಯ್ತು ಕಣಯ್ಯ. ಕಾಗದ ಕಳಿಸಿದೀನಿ, ನೋಡು."

ಬ್ರಾನಿಗನ್‌ನ ಮೊಣಕಾಲು ಎರಡೂ ತುಕ್ಕು ಹಿಡಿದ ಬಾಗಿಲಿನಂತೆ ಕಿರ್‍ರೆನ್ನುತ್ತಿದ್ದವು. ಅವನನ್ನು ಯಾರ ಕೊರಳಿಗೆ ಕಟ್ಟಲಿ ಎಂದು ಚಕ್ ಬೇಸಿಗೆಯಿಡೀ ಕಾಯುತ್ತಿದ್ದ. ಲೆನ್ನಿ "ಇರು, ಇರು, ತಮಾಷೆಗೆ ಅಂದೆ" ಎಂದು ಬಾಯಿ ತೆರೆಯುವ ಮೊದಲೇ ಗ್ಲ್ಯಾಡಿಸ್ ತನ್ನ ತಂಗಿಗೆ ವಿಷಯ ಹೇಳಿಯಾಗಿತ್ತು. ತಂಗಿ ಕೆಲಸ ಮಾಡುತ್ತಿದ್ದುದು ರೇಡಿಯೋ ಸ್ಟೇಷನ್ನಿನಲ್ಲಿ.

ಮಧ್ಯಾಹ್ನದ ಹೊತ್ತಿಗೆ ಸ್ಟೇಡಿಯಮ್ಮಿನ ಗೇಟಿನ ಮುಂದೆ ಅರ್ಧ ಊರು ಸೇರಿತ್ತು. "ಲೆನ್ನೀ, ಹೊರಗೆ ಬಾರೋ! ನಿನ್ನನ್ನ ಯಾರು ತಗೊಳ್ತಾರೋ ನೋಡ್ತೀವಿ!" ಎಂದು ಕೂಗುತ್ತಿದ್ದರು. ಲೆಕ್ಕಾಚಾರ ವಿಭಾಗದ ಪ್ರೆಸ್ಕಾಟ್ ಲ್ಯಾಪ್‌ಟಾಪ್ ಹಿಡಿದು ಬಂದ.

"ಸಾರ್, ಈ ವ್ಯವಹಾರದಿಂದ ನಾವು ಗೆಲ್ಲೋ ಸಂಭವ ಸ್ವಲ್ಪ ಕಡಿಮೆ ಆಗಿದೆ."

"ಎಷ್ಟು?"

"ಗೆಲ್ಲೋ ಸಂಭವ ಎಷ್ಟಿತ್ತೋ ಅಷ್ಟೂ."

ಟಾಡ್ ಫೋನಿನಲ್ಲಿ ಕಿರುಚಿದ, "ಬೊಂಬೆಗಳ ತಲೆ ಕಿತ್ತು ನಿಮ್ಮ ತಲೆ ಅಂಟಿಸ್ಲಾ?" ಲೆನ್ನಿ ಬೆವರು ಒರೆಸಿಕೊಂಡು ಮತ್ತೆ ಚಕ್‌ಗೆ ಫೋನ್ ಮಾಡಿದ.

"ಚಕ್, ನಿನ್ನ ಕಾಲಿಗೆ ಬೀಳ್ತೀನಿ. ಸೆಪುಲ್ವೆದಾನ ವಾಪಸ್ ಕೊಡು, ಬ್ರಾನಿಗನ್‌ನ ನೀನೇ ಇಟ್ಕೋ."

"ಅಯ್ಯೋ, ಸೆಪುಲ್ವೆದಾ ಮೇಲೆ ಈಗಾಗ್ಲೇ ನಂಗೆ ಪ್ರೀತಿ ಬಂದ್ಬಿಟ್ಟಿದೆಯಲ್ಲ. ಆಮೇಲೆ ಬ್ರಾನಿಗನ್ ಇಲ್ದೆ ಬದುಕೋದನ್ನೂ ಅಭ್ಯಾಸ ಮಾಡ್ಕೊಂಡಿದೀನಿ. ನಿಮ್ಮ ಆ ಹೊಸ ಹುಡುಗರು ಇಬ್ಬರಿದಾರಲ್ಲ, ಹಾಲಂಡರ್, ಮಾಟ್ಸುಡಾ? ಬ್ರಾನಿಗನ್ ಜೊತೆ ಅವರನ್ನೂ ಸೇರಿಸಿ ಕಳಿಸು, ಸೆಪುಲ್ವೆದಾನ ಕೊಡ್ತೀನಿ."

ಊರಿನ ಪತ್ರಿಕೆಗಳು ಆ ಇಬ್ಬರನ್ನು ತಂಡದ ಭವಿಷ್ಯ ಎಂದು ಬರೆಯುತ್ತಿದ್ದವು. ಆದರೆ ಲೆನ್ನಿಗೆ ಆಗ ಬೇಕಿದ್ದದ್ದು ಸಂಜೆ ಆರು ಗಂಟೆಯವರೆಗಿನ ಭವಿಷ್ಯ ಮಾತ್ರ. ಕೊಟ್ಟ.

ಸಮಾಧಾನ ಹೇಳೋಣವೆಂದು ಗೇಟಿಗೆ ಹೋದದ್ದು ತಪ್ಪಾಯಿತು. "ಸೆಪುಲ್ವೆದಾ ಎಲ್ಲೂ ಹೋಗಲ್ಲ!" ಎಂದಾಗ ಜೈಕಾರ ಬಂತು. ಅಷ್ಟಕ್ಕೆ ನಿಲ್ಲಿಸದೆ, ಬದಲಿಗೆ ಕೊಟ್ಟ ಹುಡುಗರಿಬ್ಬರ ಹೆಸರೂ ಹೇಳಿಬಿಟ್ಟ. ಸಾಸಿವೆ ಸವರಿದ ಹಾಟ್‌ಡಾಗ್‌ಗಳು ಆಲಿಕಲ್ಲಿನಂತೆ ಬಂದವು. ಲೆನ್ನಿ ಓಡಿಹೋಗಿ ಕಡಲೆಕಾಯಿ ಉಗ್ರಾಣ ಸೇರಿ ಚಿಲಕ ಹಾಕಿಕೊಂಡ. ಫೋನ್ ಗೇಟಿನ ಹತ್ತಿರವೇ ಬಿದ್ದುಹೋಗಿತ್ತು. ಮೂಟೆಗಳ ನಡುವೆ ಕೂತು, ಹೆಂಡತಿಗೆ ಏನು ಹೇಳುವುದು, ಈ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ ಎಂದು ಯೋಚಿಸುತ್ತ ಒಂದೊಂದೇ ಕಡಲೆಕಾಯಿ ಬಿಡಿಸಿ ತಿಂದ.

ಗದ್ದಲ ಅಡಗಿದಾಗ ಆರು ದಾಟಿತ್ತು. ಅಂಗಿಯ ಮೇಲಿನ ಸಾಸಿವೆ ಒರೆಸಿಕೊಳ್ಳುತ್ತ ತನ್ನ ಕೋಣೆಗೆ ಬಂದರೆ, ಡೋರೀನ್ ಮತ್ತು ಟಾಡ್ ಒಂದೇ ಸೋಫಾದ ಮೇಲೆ ಕೂತು ನಗುತ್ತಿದ್ದರು! ಮಾರಿದ ಸುದ್ದಿ ಕೇಳಿದ ಸೆಪುಲ್ವೆದಾ ಊರು ಬಿಡಲಾರೆನೆಂದು ಟೀವಿಯಲ್ಲಿ ಅಳುತ್ತ, ಒಂದು ಭರಣಿ ಉಪ್ಪಿನಕಾಯಿಯನ್ನು ನಿಂತಲ್ಲೇ ಖಾಲಿ ಮಾಡಿದ್ದನಂತೆ.

"ಪಾಪ, ಒಳ್ಳೆ ಹುಡುಗ," ಎಂದಳು ಡೋರೀನ್. "ಇರಲಿ. ನೀವು ಕಳಕೊಂಡ ಆ ಇಬ್ಬರನ್ನೂ ಗಡುವಿಗೆ ಮೊದಲೇ ವಾಪಸ್ ತಂದ್ವಿ. ನಾನು, ಟಾಡ್ ಸೇರಿ ಪೋರ್ಟ್ ಆಲ್ಡನ್ ಮಾಲೀಕರ ಹತ್ರ ನೇರವಾಗಿ ಮಾತಾಡಿದ್ವಿ."

ಲೆನ್ನಿಗೆ ಹೋದ ಜೀವ ಬಂದಂತಾಯಿತು. "ದೊಡ್ಡ ಉಪಕಾರ ಮೇಡಂ! ಬದಲಿಗೆ ಯಾರನ್ನ ಕೊಟ್ರಿ?"

ತಾಯಿ ಮಗನನ್ನು ನೋಡಿದಳು. ಮಗ ಸೂರು ನೋಡಿದ.

"ನಿಮ್ಮನ್ನ," ಎಂದ ಟಾಡ್.

"ನನ್ನನ್ನಾ? ನಾನು ಆಟಗಾರ ಅಲ್ಲವಲ್ಲ ಸಾರ್!"

"ಅದನ್ನ ಅವರಿಗೂ ಹೇಳಿದ್ವಿ. ಪರವಾಗಿಲ್ಲ ಅಂದ್ರು. ಹುಡುಗರ ಜೊತೆ ಚಕ್ ಡಿಲೇನಿನೂ ನಮಗೆ ಬಂದ. ಒಂದೇ ಮಧ್ಯಾಹ್ನದಲ್ಲಿ ನಿಮ್ಮ ತಲೆ ಎರಡು ಸಲ ಬೋಳಿಸಿದೋನು. ಅಂಥೋನು ನಮ್ಮ ಕಡೆ ಇರಬೇಕು."

"ಅಂಥೋನನ್ನ ಅವರು ಯಾಕೆ ಬಿಟ್ಕೊಟ್ರು?"

"ಅವನು ಯಾರ ಮಾತೂ ಕೇಳಲ್ಲವಂತೆ," ಎಂದಳು ಡೋರೀನ್. "ಏನು ಹೇಳಿದ್ರೂ ಆಯ್ತು ಅನ್ನೋರು ಬೇಕು ಅಂದ್ರು. ನಿಮ್ಮ ಬಗ್ಗೆ ಬಾಯ್ತುಂಬ ಹೇಳಿದೀನಿ ಲೆನ್ನಿ."

ಗ್ಲ್ಯಾಡಿಸ್ ಅವನ ಸಾಮಾನು ತುಂಬಿದ ರಟ್ಟಿನ ಪೆಟ್ಟಿಗೆಯನ್ನೂ, ಗೇಟಿನ ಬಳಿ ಸಿಕ್ಕ ಫೋನನ್ನೂ ತಂದುಕೊಟ್ಟಳು. ಕಾರಿನವರೆಗೆ ಜೊತೆಗೆ ನಡೆದಳು.

"ಹೋಗ್ಲಿ ಬಿಡು ಗ್ಲ್ಯಾಡಿಸ್," ಎಂದ ಲೆನ್ನಿ, ನಿಟ್ಟುಸಿರು ಬಿಟ್ಟು. "ಈ ತಾಯಿ ಮಗನ ನಡುವೆ ಸಿಕ್ಕಿ ಸಾಯೋದಂತೂ ತಪ್ಪಿತು. ಅಲ್ಲಿ ಮಾಲೀಕರು ಯಾರು?"

"ಐದು ಜನ ಅಣ್ಣತಮ್ಮಂದಿರು ಸಾರ್. ಒಬ್ಬರ ಮುಖ ಒಬ್ಬರು ನೋಡಲ್ಲ. ನೀವು ಉಗ್ರಾಣದಲ್ಲಿದ್ದಾಗ ನಾಲ್ಕು ಜನ ಫೋನ್ ಮಾಡಿದ್ರು. ತಾನು ಫೋನ್ ಮಾಡಿದ್ದು ಉಳಿದವರಿಗೆ ಗೊತ್ತಾಗಬಾರದು ಅಂದ್ರು, ನಾಲ್ಕು ಜನಾನೂ."

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಲೆನ್ನಿ ಕಿವಿಗಿಟ್ಟುಕೊಂಡ. ಆ ಕಡೆಯವರು ಇನ್ನೂ ಬಾಯಿ ತೆರೆದಿರಲಿಲ್ಲ.

"ಆಯ್ತು ಸಾರ್," ಎಂದ.